ಸಹಾಯ ಬೇಕು: ಎರಡು ಜಿಯೋಸರ್ವರ್‌ಗಳಿಗೆ ಕೆಲಸ ಹಂಚೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಕೆರೆ-ಕಾಲುವೆಗಳ ನಕ್ಷೆ ಜಿಯೋಸರ್ವರ್‌ನಲ್ಲಿದೆ (ನಕ್ಷೆಗಳನ್ನು ವೆಬ್‌ನಲ್ಲಿ ತೋರಿಸೋ ತಂತ್ರಾಂಶ). ಮಳೆಗಾಲದಲ್ಲಿ ನೋಡುವವರು ಹೆಚ್ಚಾಗಿ ಒಂದೇ ಮಷೀನು ಏದುಸಿರು ಬಿಡತೊಡಗಿತು. ಎರಡನೆಯದನ್ನು ಸೇರಿಸಿ, ಮುಂದೆ ಕೋರಿಕೆಗಳನ್ನು ಎರಡಕ್ಕೂ ಹಂಚೋ ಎಂಜಿನ್‌ಎಕ್ಸ್ ಕೂರಿಸಿದೆ. ಹಿಂದೆ ಇರೋದು ನಕ್ಷೆಯ ದತ್ತಾಂಶದ ಒಂದೇ ಪೋಸ್ಟ್‌ಜಿಐಎಸ್ ಡೇಟಾಬೇಸ್.

ತಲೆನೋವು ಶುರುವಾಗಿದ್ದೇ ಆಮೇಲೆ. ಟೈಲ್ ಕ್ಯಾಶ್ (ಒಮ್ಮೆ ಬರೆದ ನಕ್ಷೆಯ ಚೌಕ ತುಣುಕುಗಳ ಸಂಗ್ರಹ) ಎರಡೂ ಕಡೆ ಬೇರೆ ಬೇರೆ. ಮೆಟಾಟೈಲ್ 4×4 ಇಟ್ಟಿದ್ದೇನೆ, ಅಂದರೆ ಒಂದು ಟೈಲ್ ಕೇಳಿದರೆ 16 ಒಟ್ಟಿಗೆ ತಯಾರಾಗುತ್ತವೆ. ಆದರೆ ಸರದಿ ಪ್ರಕಾರ ಹಂಚಿದಾಗ ಪಕ್ಕದ ಟೈಲ್ ಇನ್ನೊಂದು ಸರ್ವರ್‌ಗೆ ಹೋಗಿ, ಅದೂ ಅದೇ 16ನ್ನು ಮತ್ತೆ ಬರೆಯುತ್ತೆ. ಉತ್ತ ಹೊಲವನ್ನೇ ಇನ್ನೊಂದು ನೇಗಿಲು ಉತ್ತ ಹಾಗೆ! ಯುಆರ್‌ಎಲ್ ಹ್ಯಾಶ್ (ಕೋರಿಕೆಯ ವಿಳಾಸದಿಂದ ಸರ್ವರ್ ಆರಿಸೋದು) ಹಾಕಿದರೂ ಅದೇ ಕಥೆ. ಪಕ್ಕದ ಟೈಲಿನ ವಿಳಾಸವೇ ಬೇರೆಯಲ್ವಾ.

ಕ್ಯಾಶನ್ನು ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಹಂಚಿಕೊಳ್ಳೋ ಫೋಲ್ಡರ್) ಇಟ್ಟು ಎರಡಕ್ಕೂ ಕೊಟ್ಟರೆ ಸಾಕಾ? ಇಲ್ಲಾ ಟೈಲಿನ ಅಡ್ಡ-ಉದ್ದ ಸಂಖ್ಯೆಗಳನ್ನು 4ರಿಂದ ಭಾಗಿಸಿ, ಶೇಷ ಬಿಟ್ಟು, ಆಮೇಲೆ ಹ್ಯಾಶ್ ಮಾಡಬೇಕಾ? ಮಾಡಿ ನೋಡಿದವರಿದ್ದರೆ ದಯವಿಟ್ಟು ಕಾನ್ಫಿಗ್ ಹಾಕಿ.