ಮೆಜೆಸ್ಟಿಕ್ ಸುತ್ತ ಬೀದಿ ಲೈಂಗಿಕ ವೃತ್ತಿ: ಎತ್ತಂಗಡಿಯೋ, ಊರಾಚೆ ಜಾಗವೋ?

ಗಾಂಧಿನಗರ ನಿವಾಸಿ
ಸಂಜೆ ಏಳಾದ ಮೇಲೆ ಬಸ್ ನಿಲ್ದಾಣದ ಸುತ್ತಲ ರಸ್ತೆಗಳಲ್ಲಿ ಗಿರಾಕಿಗಳ ಕಾಟ. ಬಸ್ಸಿಗೆ ಹೋಗೋ ಹೆಂಗಸರನ್ನೂ "ಎಷ್ಟು" ಅಂತ ಕೇಳ್ತಾರೆ. ದೂರು ಕೊಟ್ಟರೆ ಎರಡು ದಿನ ಖಾಲಿ, ಮೂರನೇ ದಿನ ಮತ್ತೆ ಅದೇ. ಕೆಲವರು ಪೂರ್ತಿ ಎತ್ತಂಗಡಿ ಮಾಡಿಸಿ ಅಂತಾರೆ, ಕೆಲವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಥರ ಊರಾಚೆ ಜಾಗ ಕೊಡಿ ಅಂತಾರೆ. ಮನವಿಯಲ್ಲಿ ಏನು ಕೇಳೋದು?

ಕಪ್ಪುಕೋಟು
ಮೊದಲು 1956ರ ಐಟಿಪಿಎ, ಅಂದ್ರೆ ಅನೈತಿಕ ವ್ಯವಹಾರ (ತಡೆ) ಕಾಯ್ದೆ ನೋಡಿ. ಹಣಕ್ಕೆ ಲೈಂಗಿಕತೆ ಅನ್ನೋ ಒಂದೇ ಕಾರಣಕ್ಕೆ ಅದರಲ್ಲಿ ಅಪರಾಧ ಆಗಲ್ಲ. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯೋದು ಸೆಕ್ಷನ್ 8: ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 500 ರೂ.ವರೆಗೆ ದಂಡ, ಇಲ್ಲವೇ ಎರಡೂ. ಗುಡಿ, ಶಾಲೆ, ಆಸ್ಪತ್ರೆಯಿಂದ 200 ಮೀಟರ್ ಒಳಗೆ ವೃತ್ತಿ ನಡೆಸಿದರೆ ಸೆಕ್ಷನ್ 7. ಅದರಲ್ಲಿ ಗಿರಾಕಿಗೂ ಶಿಕ್ಷೆ ಇದೆ. ಗಾಂಧಿನಗರದ ನಕ್ಷೆಯಲ್ಲಿ ಪ್ರತಿ ಗುಡಿಗೂ 200 ಮೀಟರ್ ವೃತ್ತ ಎಳೆದು ನೋಡಿ, ಖಾಲಿ ಜಾಗ ಹುಡುಕಬೇಕಾಗುತ್ತೆ.

ಇನ್ನೊಂದು ಗಂಟು. ಇಬ್ಬರು ಹೆಂಗಸರು ಸೇರಿ ಒಂದು ಕೋಣೆ ಹಿಡಿದು ಇಬ್ಬರ ಲಾಭಕ್ಕೂ ವೃತ್ತಿ ನಡೆಸಿದರೆ ಕಾಯ್ದೆಯ ಪ್ರಕಾರ ಅದು ವೇಶ್ಯಾಗೃಹ, ಗೊತ್ತಿದ್ದೂ ಬಾಡಿಗೆ ಕೊಟ್ಟ ಮಾಲೀಕನ ಮೇಲೂ ಕೇಸ್. ಹಾಗಾಗಿ ಯಾರೂ ಕೋಣೆ ಕೊಡಲ್ಲ. ಬೀದಿಗೆ ತಳ್ಳೋದೂ ಕಾಯ್ದೆಯೇ, ಬೀದಿಯಲ್ಲಿ ಹಿಡಿಯೋದೂ ಅದೇ.

ರಾತ್ರಿಬಸ್ಸು
ಜ್ಯೂರಿಕ್ ಮಾದರಿ ಇಲ್ಲಿ ಕೂರಲ್ಲ. ಅಲ್ಲಿ ವೃತ್ತಿಯೇ ಕಾನೂನುಬದ್ಧ. ಝೀಲ್‌ಕೀ ನದಿದಂಡೆಯ ಬೀದಿ ವೃತ್ತಿಯ ಗಲಾಟೆ ತಪ್ಪಿಸೋಕೆ 2012ರಲ್ಲಿ ಜನಮತ ತಗೊಂಡು, 2013ರ ಆಗಸ್ಟ್‌ನಲ್ಲಿ ಊರಂಚಿನ ಆಲ್ಟ್‌ಸ್ಟೆಟ್ಟನ್‌ನಲ್ಲಿ ಕಾರು ನಿಲ್ಲಿಸೋ ಮರದ ಗೂಡುಗಳನ್ನ ಕಟ್ಟಿದರು. ತೆರೆದಾಗ ನಡೆದು ಬರೋರಿಗೆ ಪ್ರವೇಶ ಇರಲಿಲ್ಲ, ಕಾರಲ್ಲಿ ಒಬ್ಬನೇ ಇರಬೇಕಿತ್ತು. ಒಳಗೆ ಅಲಾರಂ ಗುಂಡಿ, ಪಕ್ಕದಲ್ಲೇ ಸಮಾಜ ಕಾರ್ಯಕರ್ತೆಯರು. ಜರ್ಮನಿಯ ಕಲೋನ್‌ನ ಗೂಡುಗಳಲ್ಲಿ ಚಾಲಕನ ಬದಿಯ ಗೋಡೆ ಎಷ್ಟು ಹತ್ತಿರ ಅಂದ್ರೆ ಅವನ ಬಾಗಿಲು ತೆರೆಯಲ್ಲ, ಅವಳ ಬಾಗಿಲು ಪೂರ್ತಿ ತೆರೆಯುತ್ತೆ. ಆ ಒಂದು ಅಳತೆಯಲ್ಲೇ ಇಡೀ ಯೋಜನೆಯ ಬುದ್ಧಿ ಇದೆ.

ನಮ್ಮ ಪಾಲಿಕೆ ಇಂಥದ್ದು ಕಟ್ಟಿದರೆ ಐಟಿಪಿಎ ಸೆಕ್ಷನ್ 3ರಲ್ಲಿ (ವೇಶ್ಯಾಗೃಹ ನಡೆಸೋದು) ಅದೇ ಆರೋಪಿ! ಮೆಜೆಸ್ಟಿಕ್‌ಗೆ ಬರೋ ಗಿರಾಕಿಗಳಲ್ಲಿ ಕಾರಿರೋರು ಎಷ್ಟು ಅನ್ನೋದು ಬೇರೆ ಮಾತು. ಆಮ್‌ಸ್ಟರ್‌ಡ್ಯಾಮ್ ಊರಾಚೆ ಕೊಟ್ಟ ಜಾಗವನ್ನ 2003ರಲ್ಲಿ ಮುಚ್ಚಿತು, ಮಾನವ ಕಳ್ಳಸಾಗಣೆದಾರರ ಅಡ್ಡೆ ಆಯ್ತು ಅಂತ.

ಹಾಟ್‌ಸ್ಪಾಟ್ ನಕ್ಷೆ
ಎತ್ತಂಗಡಿ ಅನ್ನೋರಿಗೆ ಒಂದು ಮಾತು. ಪೊಲೀಸ್ ವ್ಯಾನ್ ಬಂದ ರಾತ್ರಿ ಹೆಂಗಸರು ದೀಪ ಇಲ್ಲದ ಸಂದಿಗೆ ಸರೀತಾರೆ. ಅಲ್ಲಿ ಗಿರಾಕಿ ಯಾರು ಅಂತ ಅಳೆದು ನೋಡೋಕೆ ಸಮಯ ಇಲ್ಲ, ಚೌಕಾಸಿ ಅರ್ಧ ನಿಮಿಷದಲ್ಲಿ ಮುಗೀಬೇಕು, ಕಾಂಡೋಮ್ ಮಾತು ಬಿದ್ದುಹೋಗುತ್ತೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆಗೆ ಕರ್ಕೊಂಡು ಹೋಗೋ ಪೀರ್‌ಗಳಿಗೆ (ಅದೇ ವೃತ್ತಿಯಿಂದ ಬಂದ ಆರೋಗ್ಯ ಕಾರ್ಯಕರ್ತೆಯರಿಗೆ) ಅವರು ಸಿಗೋದೇ ಇಲ್ಲ. ದಂಡ ಕಟ್ಟೋಕೆ ಇನ್ನೆರಡು ಗಿರಾಕಿ ಬೇಕು, ಮರುದಿನ ಮತ್ತೆ ಅದೇ ಕಂಬದ ಕೆಳಗೆ. ಬ್ಯಾಗಲ್ಲಿ ಕಾಂಡೋಮ್ ಸಿಕ್ಕಿದ್ದನ್ನ ಸಾಕ್ಷಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಹೇಳಿದೆ. ಮನವಿಯಲ್ಲಿ ಆ ತಾರೀಖು ಹಾಕಿ.

ಗಾಂಧಿನಗರ ನಿವಾಸಿ
ಸರಿ, ಆದರೆ ನಮ್ಮ ಮನೆ ಹೆಂಗಸರ ಪಾಡೇನು?

ಕಪ್ಪುಕೋಟು
"ಎಷ್ಟು" ಅಂತ ಕೇಳೋನ ಮೇಲೆ ಕೇಸ್ ಹಾಕಿಸಿ, ಸುಮ್ಮನೆ ನಿಂತವಳ ಮೇಲಲ್ಲ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 75 (ಲೈಂಗಿಕ ಕಿರುಕುಳ) ಮತ್ತು 79 (ಮಾತು, ಸನ್ನೆಯಿಂದ ಹೆಣ್ಣಿನ ಮಾನಕ್ಕೆ ಅವಮಾನ) ಇರೋದೇ ಅದಕ್ಕೆ. ಮನವಿ ಎರಡು ಬೇರೆ ಬೇರೆ ಬರೀರಿ. ಪಾಲಿಕೆಗೆ: ನಿಂತ ಬಸ್‌ಗಳ ಹಿಂದಿನ ಕತ್ತಲಿಗೆ ದೀಪ, ರಾತ್ರಿಯಿಡೀ ತೆರೆದ ಶೌಚಾಲಯ. ಪೊಲೀಸರಿಗೆ: ಸಂಜೆ 7ರಿಂದ 11ರವರೆಗೆ ಮಹಿಳಾ ಸಿಬ್ಬಂದಿ ಇರೋ ಕಾಲ್ನಡಿಗೆ ಬೀಟ್, ಹಿಡಿಯಬೇಕಾದ್ದು ಪೀಡಿಸೋರನ್ನ ಮತ್ತು ಹಫ್ತಾ ವಸೂಲಿಯವರನ್ನ. 18ರ ಒಳಗಿನ ಹುಡುಗಿ ಕಂಡರೆ ಮಾತ್ರ ಮನವಿ ಗಿನವಿ ಬೇಡ, ಆಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.