ಗ್ಯಾಸ್ ಗೀಸರ್ ಒಳಗಿನ ಸುಣ್ಣ ತೆಗೆಯಲು ಯಾವ ಪಂಪ್ ತಗೊಳ್ಳಲಿ? ಕೂಲರ್ ಪಂಪ್ ಸಾಕಾ?

ಬೋರ್‌ವೆಲ್‌ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಸಕೋಟೆ ಹತ್ತಿರ. ಕಾವೇರಿ ನೀರಿಲ್ಲ, ಬೋರ್‌ವೆಲ್ಲೇ ಗತಿ. ಬೇಸಿಗೆಯಲ್ಲಿ ಟ್ಯಾಂಕರ್. ನಾಲ್ಕು ವರ್ಷದ ಹಿಂದೆ 6 ಲೀಟರಿನ ಗ್ಯಾಸ್ ಗೀಸರ್ ಹಾಕಿಸಿದೆವು. ಬಾತ್‌ರೂಮಿನ ಹೊರಗೆ, ಬಟ್ಟೆ ಒಗೆಯುವ ಜಾಗದ ಗೋಡೆ ಮೇಲಿದೆ.

ಮೊದಲೆಲ್ಲ 10 ಲೀಟರಿನ ಬಕೆಟ್ ಎರಡು ನಿಮಿಷಕ್ಕೆ ತುಂಬುತ್ತಿತ್ತು. ಈಗ ನಾಲ್ಕೂವರೆ ನಿಮಿಷ ಬೇಕು. ನೀರು ಸಣ್ಣಗೆ ಬರುತ್ತದೆ, ಆದರೆ ಕೈ ಸುಡುವಷ್ಟು ಬಿಸಿ. ಒಳಗಿಂದ ಗುಡುಗುಡು ಅಂತ ಕುದಿಯುವ ಸದ್ದು. ಎಷ್ಟೋ ಸಲ ಸ್ನಾನದ ಮಧ್ಯೆ ಉರಿ ಆರಿಹೋಗುತ್ತದೆ. ಅತ್ತೆಗೆ 74 ವರ್ಷ, ಚಳಿಯಲ್ಲಿ ಒದ್ದೆ ಮೈಯಲ್ಲಿ ಕಾಯುವುದು ನೋಡೋಕಾಗಲ್ಲ.

ಪ್ಲಂಬರ್ ಒಬ್ಬರು ಬಂದು "ಟೈಲ್ಸ್ ತೊಳೆಯೋ ಆಸಿಡ್ ಬಿಟ್ಟರೆ ಹತ್ತೇ ನಿಮಿಷ ಮೇಡಂ" ಅಂದರು. ನನಗೆ ಧೈರ್ಯ ಬರಲಿಲ್ಲ, ಕಳಿಸಿಬಿಟ್ಟೆ. ಬಕೆಟ್, ಪಂಪ್, ಎರಡು ಪೈಪ್ ಇಟ್ಟುಕೊಂಡು, ಹುಳಿ ನೀರನ್ನು ಗೀಸರ್ ಒಳಗೆ ಸುತ್ತಿಸಿ ಮನೆಯಲ್ಲೇ ಮಾಡಬಹುದು ಅಂತ ಕೇಳಿದ್ದೇನೆ. ನನ್ನ ಹತ್ತಿರ ಹಳೇ ಕೂಲರಿನ ಪಂಪ್ ಇದೆ. ಕೆಟ್ಟ ಆರ್‌ಒ ಮೆಷಿನ್ನಿನ ಚಿಕ್ಕ ಪಂಪ್ ಇದೆ. ನೀರಿನ ಸಂಪ್‌ಗೆ ಇಟ್ಟಿದ್ದ ಅರ್ಧ ಹೆಚ್‌ಪಿ ಮೋಟರ್ ಕೂಡ ಮೂಲೆಯಲ್ಲಿದೆ. ಇದರಲ್ಲಿ ಯಾವುದು ಆಗುತ್ತದೆ? ಅಥವಾ ಹೊಸದು ತರಬೇಕಾ?

ಹಳೇಮೆಕ್ಯಾನಿಕ್:

ಅಮ್ಮಾ, ಆ ಆಸಿಡ್ ಬೇಡ ಅಂದಿದ್ದು ಒಳ್ಳೆಯದಾಯಿತು. ಪಂಪ್ ಮಾತಿಗೆ ಆಮೇಲೆ ಬರೋಣ. ಮೊದಲು ತೊಂದರೆ ನಿಜವಾಗಿ ಸುಣ್ಣದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಿ.

ಗೀಸರಿಗೆ ತಣ್ಣೀರು ಹೋಗುವ ಜಾಗದಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಆಂಗಲ್ ಕಾಕ್ ನಿಲ್ಲಿಸಿ, ಕನೆಕ್ಷನ್ ಪೈಪಿನ ನಟ್ ಬಿಚ್ಚಿದರೆ ಕಾಣುತ್ತದೆ. ಅದರಲ್ಲಿ ಮರಳು ಕಟ್ಟಿದ್ದರೂ ಇದೇ ರೀತಿ ಆಗುತ್ತದೆ. ಅದನ್ನು ತೊಳೆದು, ತಣ್ಣೀರಿನ ಪೈಪನ್ನು ಸೀದಾ ಬಕೆಟ್ಟಿಗೆ ಬಿಟ್ಟು ನೋಡಿ. ನೀರು ರಭಸವಾಗಿ ಬಂದರೆ ಲೈನು ಸರಿ ಇದೆ. ಆಮೇಲೆ ಮತ್ತೆ ಜೋಡಿಸಿ, ಬಿಸಿನೀರು ಹೊರಬರುವ ಕಡೆ ಪೈಪ್ ಬಿಚ್ಚಿ, ಗ್ಯಾಸ್ ಬಂದ್ ಮಾಡಿ ನೀರು ಬಿಡಿ. ಅಲ್ಲಿಯೂ ಸಣ್ಣಗೆ ಬಂದರೆ ಗೀಸರ್ ಒಳಗೇ ಕಟ್ಟಿದೆ ಅಂತ ಅರ್ಥ. ಅಲ್ಲಿ ಜೋರಾಗಿ ಬಂದು ಬಾತ್‌ರೂಮಲ್ಲಿ ಮಾತ್ರ ಸಣ್ಣಗಿದ್ದರೆ ನಲ್ಲಿ ಅಥವಾ ಶವರ್ ನೋಡಬೇಕು.

ಮಧ್ಯೆ ಆರುವುದಕ್ಕೂ ಕಾರಣ ಹೇಳುತ್ತೇನೆ. ಈ ಗೀಸರುಗಳಲ್ಲಿ ಗ್ಯಾಸಿನ ವಾಲ್ವ್ ತೆರೆಯುವುದು ನೀರಿನ ಒತ್ತಡದಿಂದ. ನೀರಿನ ಓಟ ತೀರಾ ಕಡಿಮೆಯಾದರೆ ಗ್ಯಾಸ್ ತಾನೇ ನಿಲ್ಲುತ್ತದೆ. ನಿಮ್ಮ ಲೆಕ್ಕದಲ್ಲಿ ಈಗ ನಿಮಿಷಕ್ಕೆ 2.2 ಲೀಟರ್ ಬರುತ್ತಿದೆ. ಅಷ್ಟಕ್ಕೆ ಉರಿ ನಿಲ್ಲುವುದು ಕಷ್ಟ. ಕೆಲವು ಗೀಸರುಗಳು 20 ನಿಮಿಷಕ್ಕೆ ತಾವಾಗಿಯೇ ಆರುತ್ತವೆ, ಅದು ಸುರಕ್ಷತೆಗೆ ಇಟ್ಟಿದ್ದು. ನಿಮ್ಮದು ಅದಲ್ಲ ಅನಿಸುತ್ತದೆ.

ಇನ್ನೊಂದು ಮಾತು. ಉರಿ ನೀಲಿ ಇದೆಯಾ? ಹಳದಿ ಇದ್ದರೆ, ಮೇಲೆ ಮಸಿ ಕಟ್ಟಿದ್ದರೆ ಇವತ್ತಿಂದಲೇ ಬಳಸಬೇಡಿ. ಅದು ಸುಣ್ಣ ತೆಗೆದರೆ ಹೋಗುವ ತೊಂದರೆಯಲ್ಲ. ಗ್ಯಾಸ್ ಸರಿಯಾಗಿ ಉರಿಯದಾಗ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮುಚ್ಚಿದ ಬಾತ್‌ರೂಮಲ್ಲಿ ಎಷ್ಟು ಜೀವ ಹೋಗಿವೆ. ನಿಮ್ಮದು ಹೊರಗಿದೆ ಅಂತ ಓದಿ ಸಮಾಧಾನ ಆಯಿತು.

ಬೋರ್‌ವೆಲ್‌ಮನೆ:

ಸಾರ್, ನೀವು ಹೇಳಿದಂತೆ ನೋಡಿದೆ. ಉರಿ ನೀಲಿಯೇ ಇದೆ. ಜಾಲರಿಯಲ್ಲಿ ಸ್ವಲ್ಪ ಮರಳಿತ್ತು, ತೊಳೆದೆ. ತಣ್ಣೀರು ಪೈಪಲ್ಲಿ ರಭಸವಾಗಿ ಬರುತ್ತದೆ. ಆದರೆ ಗೀಸರಿನ ಬಿಸಿನೀರಿನ ಬಾಯಲ್ಲೇ ಸಣ್ಣ ಧಾರೆ. ಪೈಪ್ ಬಿಚ್ಚಿದಾಗ ಮೊಟ್ಟೆ ಚಿಪ್ಪಿನಂಥ ಬಿಳಿ ಚೂರುಗಳು ಬಿದ್ದವು. ಹಾಗಾದರೆ ಸುಣ್ಣವೇ ಅಲ್ವಾ?

ಹಳೇಮೆಕ್ಯಾನಿಕ್:

ಅನುಮಾನವೇ ಇಲ್ಲ. ಈಗ ಪಂಪ್ ವಿಚಾರ.

ಅರ್ಧ ಹೆಚ್‌ಪಿ ಮೋಟರನ್ನು ಮುಟ್ಟಲೇಬೇಡಿ. ಅದರ ಮೈ ಬೀಡು ಕಬ್ಬಿಣ. ಹುಳಿ ನೀರು ಅದನ್ನೇ ತಿನ್ನುತ್ತದೆ, ಆ ತುಕ್ಕೆಲ್ಲ ಗೀಸರ್ ಒಳಗೆ ಹೋಗುತ್ತದೆ. ಆರ್‌ಒ ಪಂಪ್ ತಳ್ಳುವ ಶಕ್ತಿ ಚೆನ್ನಾಗಿದೆ, 24 ವೋಲ್ಟಿನದು, ಶಾಕಿನ ಭಯವೂ ಇಲ್ಲ. ಆದರೆ ನೀರು ಕೊಡುವುದು ಬಹಳ ಕಡಿಮೆ. ಸುಣ್ಣ ಕರಗಬಹುದು, ಕಿತ್ತುಬಂದ ಚೂರುಗಳನ್ನು ಹೊರಗೆ ತಳ್ಳಲು ಅದಕ್ಕೆ ಆಗುವುದಿಲ್ಲ.

ಹೊಸದು ತರುವುದಾದರೆ ನಾನು ಹೇಳುವುದು 12 ವೋಲ್ಟಿನ ಡಯಾಫ್ರಮ್ ಪಂಪ್. ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುತ್ತದಲ್ಲ, ಅದೇ. ಬರೀ ಮೋಟರ್ ಬಿಡಿಯಾಗಿ ಸಿಗುತ್ತದೆ. ನಿಮಿಷಕ್ಕೆ ಮೂರು ನಾಲ್ಕು ಲೀಟರ್ ಕೊಡುತ್ತದೆ, ತಾನೇ ನೀರು ಎಳೆದುಕೊಳ್ಳುತ್ತದೆ, ಬಕೆಟ್ಟಿನ ಹೊರಗೇ ಕೂರುತ್ತದೆ. ಎತ್ತರದ ಚಿಂತೆಯೇ ಇಲ್ಲ. ಒಳಭಾಗ ಪ್ಲಾಸ್ಟಿಕ್ಕು ರಬ್ಬರು, ಸೌಮ್ಯ ಹುಳಿಗೆ ಹೆದರುವುದಿಲ್ಲ. ಆದರೆ ತೋಟದಲ್ಲಿ ಬಳಸಿದ ಹಳೇ ಸ್ಪ್ರೇಯರನ್ನು ಮಾತ್ರ ತರಬೇಡಿ. ಎಷ್ಟು ತೊಳೆದರೂ ಔಷಧಿ ಅಂಶ ಉಳಿದಿರುತ್ತದೆ, ಇದು ಮೈಗೆ ಹಾಕಿಕೊಳ್ಳುವ ನೀರು.

ಇನ್ನು ಕೂಲರ್ ಪಂಪ್. ಮನೆಯಲ್ಲೇ ಇದೆ ಅಂದರೆ ಅದರಲ್ಲೂ ಮಾಡಬಹುದು. ಎಲ್ಲರೂ ಗಂಟೆಗೆ ಎಷ್ಟು ಲೀಟರ್ ಅಂತ ನೋಡಿ ಮೋಸಹೋಗುತ್ತಾರೆ. ನೋಡಬೇಕಾದದ್ದು ಎಷ್ಟು ಎತ್ತರಕ್ಕೆ ಎತ್ತುತ್ತದೆ ಅನ್ನುವುದು. ಡಬ್ಬದ ಮೇಲೆ 1.8 ಮೀಟರ್ ಅಂತ ಇದ್ದರೆ, ಆ ಎತ್ತರದಲ್ಲಿ ನೀರು ಪೈಪಿನ ಒಳಗೆ ಸುಮ್ನೆ ನಿಂತಿರುತ್ತದೆ, ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಕೆಲಸ ಆಗಬೇಕಾದರೆ ಅದರ ಅರ್ಧ ಎತ್ತರ ಅಂತ ಲೆಕ್ಕ ಇಟ್ಟುಕೊಳ್ಳಿ.

ರಸಾಯನಮೇಷ್ಟ್ರು:

ಪಂಪ್ ಬಗ್ಗೆ ಹೇಳಿಯಾಯಿತು, ಹುಳಿ ಬಗ್ಗೆ ನಾನು ಬರೆಯುತ್ತೇನೆ.

ಬೋರ್ ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಬಿಸಿ ತಗುಲಿದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಾಮ್ರದ ಕೊಳವೆಯ ಒಳಗೋಡೆಗೆ ಅಂಟುತ್ತದೆ. ನೀರು ಬಿಸಿಯಾದಷ್ಟೂ ಜಾಸ್ತಿ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನ, ಅಂದರೆ ಕರಗಿದ ಕ್ಯಾಲ್ಸಿಯಂ ಮೆಗ್ನೀಸಿಯಂ ಲವಣಗಳ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ಟಿಡಿಎಸ್ ಮೀಟರ್ ಗಡಸುತನ ಅಳೆಯುವುದಿಲ್ಲ, ಅದು ಕರಗಿದ ಎಲ್ಲ ಲವಣಗಳ ಅಂದಾಜು. ಗಡಸುತನ ಅಳೆಯಲು ಹನಿ ಎಣಿಸುವ ಕಿಟ್ ತರಿಸಿ.

ಟೈಲ್ಸ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣ ಬೇಗ ಹೋಗುವುದು ನಿಜ. ಆದರೆ ಹಿತ್ತಾಳೆಯ ಫಿಟ್ಟಿಂಗಿನಿಂದ ಸತುವನ್ನು ಎಳೆಯುತ್ತದೆ, ತೆಳ್ಳಗಿನ ತಾಮ್ರವನ್ನೂ ಬಿಡುವುದಿಲ್ಲ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ಲೀಚಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ದಯವಿಟ್ಟು ಬೇಡ.

ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಸಾಕು. 8 ಲೀಟರ್ ಉಗುರುಬೆಚ್ಚಗಿನ ನೀರಿಗೆ 400 ಗ್ರಾಂ. ಲೆಕ್ಕದ ಪ್ರಕಾರ 100 ಗ್ರಾಂ ನಿಂಬೆ ಉಪ್ಪು ಹೆಚ್ಚೆಂದರೆ 70ರಿಂದ 78 ಗ್ರಾಂ ಸುಣ್ಣ ಕರಗಿಸುತ್ತದೆ. ಬಿಳಿ ವಿನೆಗರ್ ಆದರೆ 4 ಶೇಕಡಾದ ಒಂದು ಲೀಟರಿಗೆ ಸುಮಾರು 33 ಗ್ರಾಂ. ಅದೂ ಆಗುತ್ತದೆ, ಬಾಟಲಿಗಳು ಜಾಸ್ತಿ ಬೇಕು, ಮನೆಯೆಲ್ಲ ವಾಸನೆ.

ಬೇಗ ಆಗಲಿ ಅಂತ ನಿಂಬೆ ಉಪ್ಪನ್ನು ಕುದಿಯುವ ನೀರಿಗೆ ಹಾಕಬೇಡಿ. ಸುಣ್ಣಕ್ಕೆ ನಿಂಬೆ ಉಪ್ಪು ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿಯಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಒಳಗೇ ಬಿಳಿ ಕೆಸರಾಗಿ ಕೂರುತ್ತದೆ. ನೊರೆ ನಿಂತು ನೀರು ಹಾಲಿನಂತಾದರೆ ಅದನ್ನು ಚೆಲ್ಲಿ ಹೊಸದು ಕಲಸಿ.

ಸ್ಯಾನ್‌ಆಂಟೋನಿಯೋಕನ್ನಡಿಗ:

ಅಕ್ಕಾ, ನಾನಿರುವುದು ಅಮೆರಿಕದ ಟೆಕ್ಸಾಸಿನಲ್ಲಿ, ಈ ಊರಿನ ನೀರು ಎಡ್ವರ್ಡ್ಸ್ ಅಕ್ವಿಫರ್ ಅನ್ನುವ ಅಂತರ್ಜಲದ ಪದರದ್ದು, ಪೂರ್ತಿ ಸುಣ್ಣಕಲ್ಲಿನ ನೆಲ. ಇಲ್ಲಿನ ಗೀಸರ್ ದೊಡ್ಡದು, ಆದರೆ ಕೆಲಸ ಇದೇ. ನಮಗೆ ಒಂದು ಅನುಕೂಲವಿದೆ. ಗೀಸರಿನ ಕೆಳಗೆ ತಣ್ಣೀರು, ಬಿಸಿನೀರು ಎರಡೂ ಲೈನಿಗೆ ಸರ್ವಿಸ್ ವಾಲ್ವ್ ಇರುತ್ತದೆ. ಮುಖ್ಯ ಲೈನ್ ಮುಚ್ಚಿ, ಪಕ್ಕದ ಬಾಯಿಗೆ ಹೋಸ್ ಸಿಕ್ಕಿಸಿದರೆ ಆಯಿತು. ನಾನು ಪ್ರತಿ ವರ್ಷ ಸುಮಾರು 15 ಲೀಟರ್ ವಿನೆಗರನ್ನು ಒಂದು ಗಂಟೆ ಸುತ್ತಿಸುತ್ತೇನೆ.

ನಿಮ್ಮಲ್ಲೂ ಇದನ್ನು ಮಾಡಿಸಬಹುದು. ಎರಡೂ ಕಡೆ ಅರ್ಧ ಇಂಚಿನ ಟೀ (ಮೂರು ಬಾಯಿಯ ಪೈಪ್ ಜೋಡಣೆ), ಒಂದೊಂದು ಬಾಲ್ ವಾಲ್ವ್. ಮುಂದಿನ ಸಲ ಏನೂ ಬಿಚ್ಚಬೇಕಾಗಿಲ್ಲ.

ನೀರು ಯಾವ ಕಡೆಯಿಂದ ಬಿಡಬೇಕು ಅಂತ ಗೊಂದಲವಾಗಬಹುದು. ತಣ್ಣೀರಿನ ಬಾಯಿಂದ ಒಳಗೆ, ಬಿಸಿನೀರಿನ ಬಾಯಿಂದ ಹೊರಗೆ. ಉಲ್ಟಾ ಬಿಟ್ಟರೆ ಚೂರುಗಳು ನಿಮ್ಮ ಗೀಸರಿನ ನೀರಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಬೋರ್‌ವೆಲ್‌ಮನೆ:

ನಿಮ್ಮ ಉತ್ತರಗಳನ್ನು ನೋಡುವ ಮೊದಲೇ ಬರೀ ನೀರಲ್ಲಿ ಕೂಲರ್ ಪಂಪ್ ಟ್ರೈ ಮಾಡಿದ್ದೆ. ಬಕೆಟ್ ನೆಲದ ಮೇಲಿತ್ತು. ನೀರು ಹೋಸಿನಲ್ಲಿ ನನ್ನ ಹೆಗಲವರೆಗೆ ಏರಿ ಅಲ್ಲೇ ನಿಂತಿತು. ಪಂಪ್ ಓಡುತ್ತಲೇ ಇತ್ತು. ಗೀಸರಿನ ತಲೆ ನೆಲದಿಂದ ಆರೂವರೆ ಅಡಿ ಇದೆ. ಈಗ ಅರ್ಥವಾಯಿತು. ಹೊಸ ಪಂಪ್ ತರಲಾ, ಅಥವಾ ಇದಕ್ಕೆ ದಾರಿ ಇದೆಯಾ?

ಹಳೇಮೆಕ್ಯಾನಿಕ್:

ದಾರಿ ಇದೆ. ಬಕೆಟ್ಟನ್ನೇ ಮೇಲೆ ಎತ್ತಿ. ಗಟ್ಟಿಯಾದ ಮೇಜಿನ ಮೇಲೆ ಸ್ಟೂಲ್ ಬೇಡ, ಜಾರುತ್ತದೆ. ಅಲುಗಾಡದ ಒಂದೇ ಮೇಜು. ಬಕೆಟ್ಟಿನ ನೀರಿಗೂ ಗೀಸರಿನ ತಲೆಗೂ ಮೂರು ಅಡಿಗಿಂತ ಜಾಸ್ತಿ ಅಂತರ ಇರಬಾರದು.

ಶುರುಮಾಡುವ ಮೊದಲು ಗೀಸರ್ ಒಳಗೆ, ವಾಪಸ್ ಬರುವ ಹೋಸಿನಲ್ಲಿ ನೀರು ತುಂಬಿರಲಿ. ಕೆಳಗಿಳಿಯುವ ನೀರಿನ ಭಾರವೇ ಮೇಲೆ ಹೋಗುವ ನೀರನ್ನು ಎಳೆಯುತ್ತದೆ. ಆದರೆ ಅದೊಂದನ್ನೇ ನಂಬಬೇಡಿ. ಸುಣ್ಣ ಕರಗುವಾಗ ಗಾಳಿಗುಳ್ಳೆ ಬರುತ್ತದೆ, ಅದು ತಲೆಯಲ್ಲಿ ಕೂತರೆ ಎಳೆತ ತಪ್ಪುತ್ತದೆ. ಅದಕ್ಕೇ ಬಕೆಟ್ ಎತ್ತಬೇಕು ಅನ್ನುವುದು.

ಹೋಸ್ ಅರ್ಧ ಇಂಚಿನ ದಾರದ ಹೆಣಿಗೆಯದು ತನ್ನಿ, ಪಾರದರ್ಶಕ ಇರಲಿ, ಒಳಗೆ ಏನು ಓಡುತ್ತಿದೆ ಅಂತ ಕಾಣಬೇಕು. ಎರಡು ಹೋಸ್ ನಿಪ್ಪಲ್, ಸ್ಕ್ರೂ ಬಿಗಿಯುವ ಕ್ಲಾಂಪ್, ಟೆಫ್ಲಾನ್ ಟೇಪ್. ವಾಪಸ್ ಬರುವ ಹೋಸಿನ ಬಾಯಿಗೆ ಹಳೇ ನೈಲಾನ್ ಕಾಲುಚೀಲ ಕಟ್ಟಿ. ಚೂರು ಅದರಲ್ಲೇ ನಿಲ್ಲುತ್ತದೆ, ಪಂಪಿಗೆ ಹೋಗುವುದಿಲ್ಲ. ಆ ಹೋಸಿನ ಬಾಯಿ ಯಾವಾಗಲೂ ತೆರೆದಿರಬೇಕು. ಎರಡೂ ಕಡೆ ಮುಚ್ಚಿದರೆ ಗಾಳಿಯ ಒತ್ತಡಕ್ಕೆ ಹೋಸ್ ಕಳಚಿ ಹುಳಿ ಮುಖಕ್ಕೆ ಹಾರುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ.

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್. ಗೀಸರಿನ ಸೆಲ್ ಹೊರಗೆ. ಇಲ್ಲದಿದ್ದರೆ ನೀರು ಓಡಿದಾಗ ಅದು ಕಿಡಿ ಹೊಡೆಯುತ್ತದೆ. ಕೂಲರ್ ಪಂಪ್ 230 ವೋಲ್ಟಿನದು, ನೀರಲ್ಲೇ ಮುಳುಗಿರುತ್ತದೆ. ಅದರ ವೈರಿನ ಸಿಪ್ಪೆ ಬಿರಿದಿದೆಯಾ ನೋಡಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇರುವ ಲೈನಿಗೆ ಮಾತ್ರ ಹಾಕಿ. ಪ್ಲಗ್ ಕೀಳದೆ ಬಕೆಟ್ಟಿಗೆ ಕೈ ಹಾಕಬೇಡಿ. ಆರ್‌ಸಿಸಿಬಿ ಇಲ್ಲ ಅಂದರೆ ಕೂಲರ್ ಪಂಪ್ ಬಿಡಿ, 12 ವೋಲ್ಟಿನದೇ ತನ್ನಿ. ಇದರಲ್ಲಿ ದುಡ್ಡಿನ ಲೆಕ್ಕ ನೋಡಬೇಡಿ ಅಮ್ಮಾ.

ಬೋರ್‌ವೆಲ್‌ಮನೆ:

ಭಾನುವಾರ ಮಾಡಿದೆ. ಆರ್‌ಸಿಸಿಬಿ ಇದೆ, ಟೆಸ್ಟ್ ಬಟನ್ ಒತ್ತಿ ನೋಡಿಕೊಂಡೆ. ಇಸ್ತ್ರಿ ಮಾಡುವ ಮೇಜಿನ ಮೇಲೆ ಬಕೆಟ್ ಇಟ್ಟೆ. ಈ ಸಲ ಪಂಪ್ ಹಾಕಿದ ತಕ್ಷಣ ನೀರು ಸುತ್ತಿ ಬಂತು, ಆದರೆ ಬೆರಳಿನಷ್ಟೂ ದಪ್ಪ ಇರಲಿಲ್ಲ.

ಐದು ನಿಮಿಷಕ್ಕೆ ಹೋಸಿನಲ್ಲಿ ಗುಳ್ಳೆಗಳು. ಹದಿನೈದು ನಿಮಿಷಕ್ಕೆ ಬಕೆಟ್ ತುಂಬ ನೊರೆ. 8 ಲೀಟರ್ ಹಾಕಿದ್ದು 10 ಲೀಟರಿನ ಬಕೆಟ್ಟಿಗೆ, ನೊರೆ ಉಕ್ಕಿ ಮೇಜಿನ ಮೇಲೆ ಹರಿಯಿತು. ದೊಡ್ಡ ಬಕೆಟ್ ಇಡಬೇಕಿತ್ತು. ಯಾರಾದರೂ ಮಾಡುವುದಾದರೆ 16 ಲೀಟರಿನದು ಇಡಿ. ಮುಕ್ಕಾಲು ಗಂಟೆಗೆ ನೊರೆ ನಿಂತು ನೀರು ಬಿಳಿಯಾಯಿತು. ಮೇಷ್ಟ್ರು ಹೇಳಿದಂತೆ ಚೆಲ್ಲಿ, ಇನ್ನೊಂದು 400 ಗ್ರಾಂ ಕಲಸಿ ಮತ್ತೆ ಅರ್ಧ ಗಂಟೆ ಬಿಟ್ಟೆ. ಕಾಲುಚೀಲದಲ್ಲಿ ಒಂದು ಹಿಡಿ ಚೂರು ಸಿಕ್ಕಿತು. ಆಮೇಲೆ ಮೂರು ಬಕೆಟ್ ಶುದ್ಧ ನೀರು ಬಿಟ್ಟು ತೊಳೆದೆ.

ಈಗ 10 ಲೀಟರ್ ತುಂಬಲು ಎರಡು ನಿಮಿಷ 20 ಸೆಕೆಂಡು. ಗುಡುಗುಡು ಸದ್ದು ಹೋಗಿದೆ. ಅತ್ತೆ ಬೆಳಿಗ್ಗೆ ಒಂದು ಸಲವೂ ಕರೆಯದೆ ಸ್ನಾನ ಮುಗಿಸಿ ಬಂದರು. ನಿಮಗೆಲ್ಲ ತುಂಬಾ ಧನ್ಯವಾದ.

ಒಂದೇ ಪ್ರಶ್ನೆ. ತಣ್ಣೀರಿನ ನಟ್ ಹತ್ತಿರ ಹನಿ ಹನಿ ಸೋರುತ್ತಿದೆ. ಹುಳಿ ಏನಾದರೂ ತಿಂದಿರಬಹುದಾ?

ಹಳೇಮೆಕ್ಯಾನಿಕ್:

ಇಲ್ಲ, ನಟ್ ಒಳಗಿನ ರಬ್ಬರ್ ವಾಷರ್ ಹಳೆಯದಾಗಿದೆ. ಬಿಚ್ಚಿ ಮತ್ತೆ ಹಾಕಿದಾಗ ಹಳೇ ವಾಷರ್ ಕೂರುವುದಿಲ್ಲ. ಸ್ಪ್ಯಾನರಿನಲ್ಲಿ ಜಾಸ್ತಿ ಬಿಗಿಯಬೇಡಿ, ಹಿತ್ತಾಳೆ ನಟ್ ಸೀಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನದು ತಂದು ಬದಲಾಯಿಸಿ.

ಪಂಪನ್ನು ಶುದ್ಧ ನೀರಲ್ಲಿ ಹತ್ತು ನಿಮಿಷ ಓಡಿಸಿ, ಕೆಳಗಿನ ಮುಚ್ಚಳ ತೆಗೆದು ಒಣಗಿಸಿ ಇಡಿ. ಗ್ಯಾಸಿನ ಗುಂಡಿಯನ್ನು ಕಡಿಮೆಗೆ ತಿರುಗಿಸಿ, ಸ್ನಾನಕ್ಕೆ ಎಷ್ಟು ಬೇಕೋ ಅಷ್ಟೇ ಬಿಸಿಯಾಗಲಿ. ಸುಡುವ ನೀರು ಕಾಯಿಸಿ ತಣ್ಣೀರು ಬೆರೆಸಿದರೆ ಸುಣ್ಣ ಬೇಗ ಕಟ್ಟುತ್ತದೆ. ತಿಂಗಳಿಗೊಮ್ಮೆ ಅದೇ ಬಕೆಟ್ ಇಟ್ಟು ಗಡಿಯಾರ ನೋಡಿ. ಮೂರು ನಿಮಿಷ ದಾಟಿದ ದಿನ ನಿಂಬೆ ಉಪ್ಪು ತನ್ನಿ. ಆಗ ಒಂದೇ ಸುತ್ತಿಗೆ ಮುಗಿಯುತ್ತದೆ.