ರಾಸ್ಪ್‌ಬೆರಿ ಪೈ 5: ಪ್ರಯೋಗಾಲಯಕ್ಕೆ ಕೊಳ್ಳುವ ಮೊದಲು ತಿಳಿದಿರಬೇಕಾದ ಕೊರತೆಗಳು ಯಾವುವು?

ಪ್ರಶ್ನೆ: ಭೌತಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಪದವಿಪೂರ್ವ ಕಾಲೇಜಿನ ಪ್ರಯೋಗಾಲಯಕ್ಕೆಂದು ಹಳೆಯ ವಿದ್ಯಾರ್ಥಿಗಳು ಒಂದಿಷ್ಟು ಹಣ ಕೂಡಿಸಿ ಕೊಟ್ಟಿದ್ದಾರೆ. ಆ ಹಣದಲ್ಲಿ ರಾಸ್ಪ್‌ಬೆರಿ ಪೈ 5 ಎಂಬ, ಒಂದೇ ಬೋರ್ಡಿನ ಪುಟ್ಟ ಗಣಕಗಳನ್ನೇ ಕೊಳ್ಳಬೇಕೆಂಬುದು ಅವರಲ್ಲಿ ಕೆಲವರ ಸಲಹೆ. ಕೆಪಾಸಿಟರ್ ಬರಿದಾಗುವಾಗ ವೋಲ್ಟೇಜ್ ಇಳಿಯುವ ರೇಖೆಯನ್ನು ದಾಖಲಿಸುವುದು, ಬಿಸಿನೀರು ತಣಿಯುವುದನ್ನು ತಾಸುಗಟ್ಟಲೆ ಅಳೆಯುವುದು, ಮಕ್ಕಳಿಗೆ ಪೈಥಾನ್ ಕಲಿಸುವುದು, ಸಭಾಂಗಣದ ಪ್ರೊಜೆಕ್ಟರಿನಲ್ಲಿ ಪಾಠದ ವಿಡಿಯೊ ತೋರಿಸುವುದು ನಮ್ಮ ಉದ್ದೇಶಗಳು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬರುವುದು ಸಾಮಾನ್ಯ, ಇಂಟರ್ನೆಟ್ಟನ್ನೂ ನಂಬುವಂತಿಲ್ಲ. ಇದರ ಹಳೆಯ ಮಾದರಿಯಾದ ಪೈ 3ಕ್ಕಾಗಿ ಬರೆದ ಕೆಲವು ಪ್ರೋಗ್ರಾಮುಗಳು, ಒಂದು ಹಳೆಯ ಕ್ಯಾಮೆರಾ ಹಾಗೂ ಬೇಕಾದಷ್ಟು ಮೊಬೈಲ್ ಚಾರ್ಜರುಗಳು ನಮ್ಮ ಬಳಿ ಈಗಾಗಲೇ ಇವೆ.

ಈ ಬೋರ್ಡಿನ ವೇಗದ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಅದರ ಕೊರತೆಗಳನ್ನು, ಅದರಲ್ಲೂ ಕೊಂಡ ಮೇಲೆ ಗೊತ್ತಾಗುವಂಥವನ್ನು, ಬಳಸಿ ಬಲ್ಲವರು ವಿವರಿಸಿದರೆ ಉಪಕಾರವಾಗುತ್ತದೆ. ಬೇರೆಯವರು ಕೊಟ್ಟ ಹಣವಾದ್ದರಿಂದ ಎಚ್ಚರಿಕೆ ನನ್ನ ಕರ್ತವ್ಯ.

ಉತ್ತರ 1: ಎಲೆಕ್ಟ್ರಾನಿಕ್ಸ್ ವಿನ್ಯಾಸಕಾರ, ಬೆಂಗಳೂರು

ಸರ್, ನಿಮ್ಮ ಬಳಿ ಇರುವ ಮೊಬೈಲ್ ಚಾರ್ಜರುಗಳ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಈ ಬೋರ್ಡಿನ ದೊಡ್ಡ ತೊಡಕು ಇರುವುದು ಅಲ್ಲಿಯೇ. ಪೈ 5ಕ್ಕೆ ತಯಾರಕರು ಸೂಚಿಸುವ ವಿದ್ಯುತ್ ಪೂರೈಕೆ 5.1 ವೋಲ್ಟ್, 5 ಆಂಪಿಯರ್. ಮಾರುಕಟ್ಟೆಯ ಸಾಮಾನ್ಯ ಟೈಪ್-ಸಿ ಚಾರ್ಜರುಗಳು 5 ವೋಲ್ಟಿನಲ್ಲಿ 3 ಆಂಪಿಯರಿಗಿಂತ ಹೆಚ್ಚು ಕೊಡುವುದಿಲ್ಲ. ಹೆಚ್ಚಿನ ವ್ಯಾಟ್ ಬೇಕಾದಾಗ ಅವು ವೋಲ್ಟೇಜನ್ನು 9, 15 ಅಥವಾ 20ಕ್ಕೆ ಏರಿಸುತ್ತವೆ. ಹಾಗೆ ಏರಿದ ವೋಲ್ಟೇಜನ್ನು ಇಳಿಸಿಕೊಳ್ಳುವ ಮಂಡಲ ಈ ಬೋರ್ಡಿನಲ್ಲಿ ಇಲ್ಲ. ಆದ್ದರಿಂದ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರನ್ನು ಜೋಡಿಸಿದರೂ ಇದಕ್ಕೆ ಸಿಗುವುದು ಬಹುತೇಕ 15 ವ್ಯಾಟ್ ಮಾತ್ರ. ಅಷ್ಟರಲ್ಲೇ ಬೋರ್ಡು ಓಡುತ್ತದೆ, ಆದರೆ ನಾಲ್ಕೂ ಯುಎಸ್‌ಬಿ ಕಿಂಡಿಗಳಿಗೆ ಒಟ್ಟಾಗಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. 5 ಆಂಪಿಯರಿನ ಪೂರೈಕೆ ಇದ್ದರೆ ಈ ಮಿತಿ 1.6 ಆಂಪಿಯರಿಗೆ ಏರುತ್ತದೆ. ಕೀಲಿಮಣೆ, ಮೌಸ್, ಪೆನ್‌ಡ್ರೈವುಗಳಿಗೆ 600 ಸಾಕು. ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದರೆ ಅದು ತಿರುಗಲು ತೊಡಗುವಾಗಲೇ ಮಿತಿ ಮೀರುವ ಸಂಭವವಿದೆ.

ಕೇಬಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೋಗುವ ಮತ್ತು ಬರುವ ತಂತಿಗಳ ಒಟ್ಟು ರೋಧ 0.1 ಓಮ್ ಇದ್ದರೂ 3 ಆಂಪಿಯರ್ ಹರಿಯುವಾಗ 0.3 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ನಿಮ್ಮ ವಿದ್ಯಾರ್ಥಿಗಳೇ ಇದನ್ನು ಅಳೆದು ನೋಡಬಹುದು, ಒಳ್ಳೆಯ ಪ್ರಯೋಗವೂ ಆಗುತ್ತದೆ. ತೆಳುವಾದ ಅಗ್ಗದ ಕೇಬಲುಗಳಲ್ಲಿ ವೋಲ್ಟೇಜ್ ಸಾಲದೆ ಬೋರ್ಡು ಎಚ್ಚರಿಕೆ ತೋರಿಸುವುದಕ್ಕೂ, ಒತ್ತಡದ ಕೆಲಸದ ನಡುವೆ ಮರುಚಾಲನೆಗೊಳ್ಳುವುದಕ್ಕೂ ಹೆಚ್ಚಿನ ವೇಳೆ ಇದೇ ಕಾರಣ.

ಎರಡನೆಯದು ಶಾಖ. 2.4 ಗಿಗಾಹರ್ಟ್ಸ್ ವೇಗದ ನಾಲ್ಕು ಕಾರ್ಟೆಕ್ಸ್ ಎ76 ಕೋರ್‌ಗಳು ಒಟ್ಟಿಗೆ ದುಡಿದಾಗ ಫ್ಯಾನ್ ಇಲ್ಲದ ಬೋರ್ಡು ಬೇಗನೆ 80 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅಲ್ಲಿಂದ ಮುಂದೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಬೇಸಿಗೆಯ ಪ್ರಯೋಗಾಲಯದಲ್ಲಿ ಫ್ಯಾನನ್ನು ಐಚ್ಛಿಕವೆಂದು ಭಾವಿಸಬೇಡಿ.

ಗಡಿಯಾರದ ವಿಷಯ ನಿಮಗೆ ವಿಶೇಷವಾಗಿ ಮುಖ್ಯ. ಹಿಂದಿನ ಪೈ 3, ಪೈ 4ರಲ್ಲಿ ಇಲ್ಲದಿದ್ದ ಗಡಿಯಾರ ಮಂಡಲ ಇದರಲ್ಲಿದೆ, ಆದರೆ ಅದರ ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು. ಬ್ಯಾಟರಿಯೂ ಇಲ್ಲದೆ ಇಂಟರ್ನೆಟ್ಟೂ ಇಲ್ಲದೆ ಕರೆಂಟು ಹೋಗಿ ಬಂದರೆ ಬೋರ್ಡಿಗೆ ಸರಿಯಾದ ವೇಳೆ ತಿಳಿಯದು, ನೀವು ದಾಖಲಿಸುವ ತಣಿಯುವ ರೇಖೆಯ ಸಮಯವೆಲ್ಲ ತಪ್ಪಾಗುತ್ತದೆ. ತಯಾರಕರು ಕೊಡುವುದು ಮರುಚಾರ್ಜ್ ಮಾಡಬಹುದಾದ ಬಿಲ್ಲೆ ಬ್ಯಾಟರಿ; ಅದನ್ನು ಚಾರ್ಜ್ ಮಾಡುವ ವ್ಯವಸ್ಥೆ ಮೊದಲಿಗೆ ಬಂದ್ ಆಗಿರುತ್ತದೆ, ಸೆಟ್ಟಿಂಗಿನಲ್ಲಿ ನಾವೇ ತೆರೆಯಬೇಕು. ಕೈಗಡಿಯಾರಕ್ಕೆ ಹಾಕುವ, ಮರುಚಾರ್ಜ್ ಆಗದ ಬಿಲ್ಲೆಯನ್ನು ಜೋಡಿಸಿ ಚಾರ್ಜಿಂಗ್ ತೆರೆದರೆ ಅಪಾಯ. ಇದನ್ನು ಪ್ರಯೋಗಾಲಯದ ಸಹಾಯಕರಿಗೂ ತಿಳಿಸಿ.

ಉತ್ತರ 2: ಲಿನಕ್ಸ್ ಬಳಕೆದಾರೆ, ಮೈಸೂರು

ಮೇಲಿನವರು ಯಂತ್ರಾಂಶದ ಬಗ್ಗೆ ಹೇಳಿದ್ದಾರೆ, ನಾನು ತಂತ್ರಾಂಶದ ಕಡೆಯಿಂದ ಹೇಳುತ್ತೇನೆ. ನಿಮ್ಮ ಪೈ 3ರ ಮೆಮೊರಿ ಕಾರ್ಡನ್ನು ತೆಗೆದು ಪೈ 5ಕ್ಕೆ ಹಾಕಿದರೆ ಅದು ಬೂಟ್ ಆಗದು. 2023ರ ಅಕ್ಟೋಬರಿನಲ್ಲಿ ಬಂದ, ಡೆಬಿಯನ್ ಬುಕ್‌ವರ್ಮ್ ಎಂಬ ಲಿನಕ್ಸ್ ಆವೃತ್ತಿಯನ್ನು ಆಧರಿಸಿದ ರಾಸ್ಪ್‌ಬೆರಿ ಪೈ ಓಎಸ್ ಅಥವಾ ಅದಕ್ಕಿಂತ ಹೊಸದೇ ಇದಕ್ಕೆ ಬೇಕು.

ನಿಮಗೆ ನಿಜವಾಗಿ ಕಾಡುವುದು ಎಲ್‌ಇಡಿ, ಸಂವೇದಕ ಮುಂತಾದವನ್ನು ಜೋಡಿಸುವ ಜಿಪಿಐಒ ಪಿನ್ನುಗಳು. ಹಿಂದಿನ ಮಾದರಿಗಳಲ್ಲಿ ಈ ಪಿನ್ನುಗಳು ಮುಖ್ಯ ಪ್ರೊಸೆಸರಿಗೇ ಸೇರಿದ್ದವು. ಪೈ 5ರಲ್ಲಿ ಅವು ಆರ್‌ಪಿ1 ಎಂಬ ಬೇರೊಂದು ಚಿಪ್ಪಿಗೆ ಸೇರಿವೆ, ಆ ಚಿಪ್ಪು ಪಿಸಿಐ ಎಕ್ಸ್‌ಪ್ರೆಸ್ ಎಂಬ ವೇಗದ ಸಂಪರ್ಕದ ಮೂಲಕ ಪ್ರೊಸೆಸರಿನೊಂದಿಗೆ ಮಾತಾಡುತ್ತದೆ. ಪ್ರೊಸೆಸರಿನ ರಿಜಿಸ್ಟರುಗಳನ್ನು ನೇರವಾಗಿ ಮುಟ್ಟುತ್ತಿದ್ದ ಹಳೆಯ ಆರ್‌ಪಿಐ ಡಾಟ್ ಜಿಪಿಐಒ ಲೈಬ್ರರಿ ಈ ಕಾರಣದಿಂದ ಇದರಲ್ಲಿ ನಡೆಯುವುದಿಲ್ಲ. ಪಿಗ್‌ಪಿಯೋ ಎಂಬುದರ ಗತಿಯೂ ಅದೇ. ಪುಸ್ತಕಗಳಲ್ಲಿ, ವಿಡಿಯೊಗಳಲ್ಲಿ ಇರುವ ಪಾಠಗಳಲ್ಲಿ ಬಹಳಷ್ಟು ಈ ಎರಡನ್ನೇ ಬಳಸುವುದರಿಂದ, ಪಾಠವನ್ನು ಅಕ್ಷರಶಃ ಅನುಸರಿಸಿದ ಹುಡುಗನಿಗೆ ಮೊದಲ ಎಲ್‌ಇಡಿ ಹೊತ್ತಿಸುವಲ್ಲೇ ದೋಷದ ಸಂದೇಶ ಎದುರಾಗುತ್ತದೆ. ಕಲಿಕೆಗೆ ಇದು ಚಿಕ್ಕ ಅಡ್ಡಿಯಲ್ಲ ಎಂಬುದು ನನ್ನ ಅಭಿಪ್ರಾಯ. ಜಿಪಿಐಒ ಝೀರೊ ಲೈಬ್ರರಿಯಲ್ಲಿ ಬರೆದ ಪ್ರೋಗ್ರಾಮುಗಳು ಸಾಮಾನ್ಯವಾಗಿ ಬದಲಾವಣೆಯಿಲ್ಲದೆ ಓಡುತ್ತವೆ. ಹಳೆಯ ಪ್ರೋಗ್ರಾಮುಗಳನ್ನು ಉಳಿಸಿಕೊಳ್ಳಬೇಕೆಂದರೆ ಆರ್‌ಪಿಐ ಎಲ್‌ಜಿಪಿಐಒ ಎಂಬ ಬದಲಿ ಲೈಬ್ರರಿ ಇದೆ. ಹಳೆಯ ಹೆಸರಿನಲ್ಲೇ ಕರೆಯಬಹುದು, ಆದರೆ ಮೂಲ ಲೈಬ್ರರಿಯನ್ನು ಮೊದಲು ತೆಗೆದುಹಾಕಬೇಕು.

ಬುಕ್‌ವರ್ಮ್‌ನಲ್ಲಿ ಪಿಪ್ ಬಳಸಿ ನೇರವಾಗಿ ಪೈಥಾನ್ ಲೈಬ್ರರಿಗಳನ್ನು ಹಾಕಿಕೊಳ್ಳಲು ವ್ಯವಸ್ಥೆ ಬಿಡುವುದಿಲ್ಲ, ಪ್ರತಿ ಯೋಜನೆಗೂ ವರ್ಚುವಲ್ ಎನ್ವಿರಾನ್‌ಮೆಂಟ್ (ಆ ಯೋಜನೆಯ ಲೈಬ್ರರಿಗಳಿಗಷ್ಟೇ ಮೀಸಲಾದ ಪ್ರತ್ಯೇಕ ಜಾಗ) ಮಾಡಿಕೊಳ್ಳಬೇಕು. ಶಿಸ್ತು ಒಳ್ಳೆಯದೇ, ಆದರೆ ಇಂಟರ್ನೆಟ್ ನೆಚ್ಚಲಾಗದ ನಿಮ್ಮಲ್ಲಿ ಬೇಕಾದುದನ್ನೆಲ್ಲ ಒಂದು ಕಾರ್ಡಿನಲ್ಲಿ ಸಿದ್ಧಪಡಿಸಿ ಉಳಿದವಕ್ಕೆ ಅದನ್ನೇ ನಕಲು ಮಾಡುವುದು ಸುಲಭ.

ಹಳೆಯ ಕ್ಯಾಮೆರಾಕ್ಕೆ ಹೊಸ ಕೇಬಲ್ ಬೇಕು, ಏಕೆಂದರೆ ಕನೆಕ್ಟರ್ 15 ಪಿನ್ನಿನಿಂದ ಚಿಕ್ಕದಾದ 22 ಪಿನ್ನಿಗೆ ಬದಲಾಗಿದೆ. ಪೈಕ್ಯಾಮೆರಾ ಎಂಬ ಹಳೆಯ ಲೈಬ್ರರಿಯಲ್ಲಿ ಬರೆದದ್ದನ್ನು ಪೈಕ್ಯಾಮೆರಾ 2ಕ್ಕೆ ಮತ್ತೆ ಬರೆಯಬೇಕು. ಪೈ 5ರ ಕರ್ನಲ್, ಅಂದರೆ ಓಎಸ್‌ನ ತಿರುಳು, ಮೆಮೊರಿಯನ್ನು 4 ಕೆಬಿಯ ಬದಲು 16 ಕೆಬಿಯ ಪುಟಗಳಾಗಿ ಹಂಚುವುದರಿಂದ ಕೆಲವು ಸಿದ್ಧ ತಂತ್ರಾಂಶಗಳು ತೆರೆಯದೆ ನಿಲ್ಲುತ್ತವೆ, ಸೆಟ್ಟಿಂಗಿನಲ್ಲಿ ಹಳೆಯ ಕರ್ನಲನ್ನು ಆರಿಸಿದರೆ ಅವು ಓಡುತ್ತವೆ. ಕನ್ನಡದ ಮಟ್ಟಿಗೆ ಹೊಸ ತೊಂದರೆಯಿಲ್ಲ: ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಡೆಬಿಯನ್ ಭಂಡಾರದಲ್ಲಿಯೇ ಸಿಗುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಬಿಲ್ಲೆಯ ಎಚ್ಚರಿಕೆ ನನಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಇನ್ನೆರಡು ಸಂದೇಹಗಳಿವೆ. ನಮ್ಮ ಪಾಠದ ವಿಡಿಯೊಗಳೆಲ್ಲ ಎಚ್264 ಎಂಬ ಸಂಕುಚಿತ ರೂಪದಲ್ಲಿವೆ, ಅದನ್ನು ಬಿಡಿಸುವ ಯಂತ್ರಾಂಶವನ್ನೇ ಪೈ 5ರಿಂದ ತೆಗೆದಿದ್ದಾರೆಂದು ಓದಿದೆ, ಇದು ನಿಜವೇ? ಕೆಪಾಸಿಟರಿನ ವೋಲ್ಟೇಜನ್ನು ಪಿನ್ನಿಗೆ ನೇರವಾಗಿ ಕೊಟ್ಟು ಅಳೆಯಬಹುದೇ?

ಉತ್ತರ 3: ಐಟಿಐ ಬೋಧಕ, ಹುಬ್ಬಳ್ಳಿ

ಸರ್, ಮೊದಲನೆಯದು ನಿಜ. ಪೈ 5ರಲ್ಲಿ ಹಾರ್ಡ್‌ವೇರ್ ಡಿಕೋಡರ್ ಇರುವುದು ಎಚ್‌ಇವಿಸಿ ಎಂಬ ಹೊಸ ರೂಪಕ್ಕೆ ಮಾತ್ರ. ಪೈ 4ರಲ್ಲಿದ್ದ ಎಚ್264ರ ಡಿಕೋಡರನ್ನೂ ವಿಡಿಯೊ ಎನ್‌ಕೋಡರನ್ನೂ ಕೈಬಿಟ್ಟಿದ್ದಾರೆ. ಆದರೂ 1080ಪಿ ವಿಡಿಯೊವನ್ನು ಪ್ರೊಸೆಸರ್ ತಾನೇ ಬಿಡಿಸಿ ತೋರಿಸುವಷ್ಟು ಶಕ್ತಿ ಇದಕ್ಕಿದೆ, ವಿದ್ಯುತ್ತೂ ಶಾಖವೂ ಹೆಚ್ಚುವುದಷ್ಟೇ. ಸಭಾಂಗಣದಲ್ಲಿ ನಿಮ್ಮನ್ನು ಕಾಡುವುದು ಚಿತ್ರವಲ್ಲ, ಧ್ವನಿ. 3.5 ಮಿಲಿಮೀಟರಿನ ಆಡಿಯೊ ಕಿಂಡಿ ಇದರಲ್ಲಿಲ್ಲ. ಪ್ರೊಜೆಕ್ಟರಿನ ಎಚ್‌ಡಿಎಂಐ ಧ್ವನಿಯನ್ನು ಬಳಸಬೇಕು, ಇಲ್ಲವೇ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ ಆಂಪ್ಲಿಫಯರಿಗೆ ಕೊಡಬೇಕು. ಎಚ್‌ಡಿಎಂಐ ಕಿಂಡಿಗಳೂ ಮೈಕ್ರೋ ಗಾತ್ರದವು. ಮಕ್ಕಳು ದಿನವೂ ಎಳೆದು ಸಿಕ್ಕಿಸುವ ಜಾಗದಲ್ಲಿ ಅವು ಸಡಿಲವಾಗುತ್ತವೆಂಬ ಕಾರಣಕ್ಕೆ ಒಂದು ಚಿಕ್ಕ ಕೇಬಲನ್ನು ಶಾಶ್ವತವಾಗಿ ಜೋಡಿಸಿಡುವುದು ಕ್ಷೇಮ.

ಎರಡನೆಯದಕ್ಕೆ ಉತ್ತರ: ಸಾಧ್ಯವಿಲ್ಲ, ಪ್ರಯತ್ನಿಸಲೂಬೇಡಿ. ಯಾವ ರಾಸ್ಪ್‌ಬೆರಿ ಪೈ ಗಣಕದ ಪಿನ್ನುಗಳಲ್ಲೂ ಅನಲಾಗ್ ಒಳಹರಿವು ಇಲ್ಲ, ಅವನ್ನು ರೂಪಿಸಿರುವುದು 3.3 ವೋಲ್ಟಿಗೆ ಮಾತ್ರ. 5 ವೋಲ್ಟ್ ಕೊಟ್ಟರೆ ಚಿಪ್ಪು ಹಾಳಾದೀತು. ಎಂಸಿಪಿ3008ರಂಥ 10 ಬಿಟ್ಟಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ) ಚಿಪ್ಪನ್ನು ಜೋಡಿಸಿಕೊಳ್ಳಬೇಕು.

ಬೆಲೆಯನ್ನೂ ಒಮ್ಮೆ ಕೂಡಿಸಿ ನೋಡಿ. ಬಿಡುಗಡೆಯಾದಾಗ 4 ಜಿಬಿ ಬೋರ್ಡಿಗೆ 60 ಡಾಲರ್, ಪವರ್ ಸಪ್ಲೈಗೆ 12, ಫ್ಯಾನಿಗೆ 5, ಗಡಿಯಾರದ ಬ್ಯಾಟರಿಗೆ 5. ಕಾರ್ಡು, ಕೇಬಲು, ಪೆಟ್ಟಿಗೆ ಸೇರುವ ಮೊದಲೇ 82 ಡಾಲರ್ ಆಯಿತು. 2012ರ ಮೊದಲ ಪೈ 35 ಡಾಲರಿಗೆ ಬಂದಿತ್ತು. ಪೈ 5 ಒಳ್ಳೆಯ ಮೇಜುಗಣಕ, ಪೈಥಾನ್ ಕಲಿಸಲು ಹಾಗೂ ಪ್ರೊಜೆಕ್ಟರಿಗೆಂದು ಒಂದೋ ಎರಡೋ ಕೊಳ್ಳಿ. ಅಳತೆಯ ಮೇಜುಗಳಿಗೆ ಮಾತ್ರ ಅದನ್ನು ಹಾಕಬೇಡಿ. ಆ ಕೆಲಸಕ್ಕೆ 2021ರ ಜನವರಿಯಲ್ಲಿ 4 ಡಾಲರಿಗೆ ಬಿಡುಗಡೆಯಾದ ಪೈ ಪಿಕೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು ಸಾಕು. ಅದರಲ್ಲಿ ಮೂರು ಅನಲಾಗ್ ಪಿನ್ನುಗಳಿವೆ, ಮೈಕ್ರೋಪೈಥಾನಿನಲ್ಲಿ ಬರೆಯಬಹುದು, ಹಠಾತ್ತನೆ ಕರೆಂಟು ಹೋದರೆ ಕೆಡುವುದಕ್ಕೆ ಅದರಲ್ಲಿ ಮೆಮೊರಿ ಕಾರ್ಡೂ ಇಲ್ಲ.

ಉತ್ತರ 4: ಎಲೆಕ್ಟ್ರಾನಿಕ್ಸ್ ವಿನ್ಯಾಸಕಾರ, ಬೆಂಗಳೂರು

ಹುಬ್ಬಳ್ಳಿಯ ಸರ್ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಪಿಕೊ ಬಗ್ಗೆ ಒಂದು ಮಾತು ಸೇರಿಸಬೇಕು. ಅದರ ಎಡಿಸಿ ಹೆಸರಿಗೆ 12 ಬಿಟ್ಟಿನದಾದರೂ ನಂಬಬಹುದಾದದ್ದು ಸುಮಾರು 9 ಬಿಟ್ ಮಾತ್ರ. ಒಟ್ಟು 4096 ಮೆಟ್ಟಿಲುಗಳಲ್ಲಿ 512, 1536, 2560, 3584ರ ಆಸುಪಾಸಿನಲ್ಲಿ ಅಳತೆ ಸಮನಾಗಿರುವುದಿಲ್ಲವೆಂದು ತಯಾರಕರ ದೋಷಪಟ್ಟಿಯೇ ಹೇಳುತ್ತದೆ. ಕೆಪಾಸಿಟರಿನ ರೇಖೆಯಲ್ಲಿ ಆ ಜಾಗಗಳಲ್ಲಿ ಸಣ್ಣ ಗಂಟು ಕಂಡರೆ ವಿದ್ಯಾರ್ಥಿಗಳ ಜೋಡಣೆ ತಪ್ಪಿದೆಯೆಂದು ತಿಳಿಯಬೇಡಿ. ನಿಖರತೆ ಬೇಕಾದ ಪ್ರಯೋಗಕ್ಕೆ 16 ಬಿಟ್ಟಿನ ಎಡಿಎಸ್1115 ಚಿಪ್ಪನ್ನು ಐಸ್ಕ್ವೇರ್‌ಸಿ ಎಂಬ ಎರಡು ತಂತಿಗಳ ಸಂಪರ್ಕದ ಮೂಲಕ ಪಿಕೊಗೆ ಜೋಡಿಸಿ. ಅದು ಸೆಕೆಂಡಿಗೆ ಗರಿಷ್ಠ 860 ಅಳತೆಗಳನ್ನಷ್ಟೇ ಕೊಡುವುದರಿಂದ ಕೆಪಾಸಿಟರ್ ಮತ್ತು ರೋಧಕಗಳನ್ನು ಆಯುವಾಗ ಸಮಯ ಸ್ಥಿರಾಂಕ (ರೋಧ ಮತ್ತು ಧಾರಕತೆಗಳ ಗುಣಲಬ್ಧ) ಕೆಲವು ಸೆಕೆಂಡುಗಳಷ್ಟು ಬರುವಂತೆ ನೋಡಿಕೊಳ್ಳಿ. 1000 ಮೈಕ್ರೋಫ್ಯಾರಡ್ ಮತ್ತು 10 ಕಿಲೋ ಓಮ್ ಇದ್ದರೆ 10 ಸೆಕೆಂಡ್ ಸಿಗುತ್ತದೆ.